ಕರಂಡೆಕಾಯಿ ಉಪ್ಪಿನಕಾಯಿ: ಪೊದೆಯಿಂದ ಭರಣಿಯವರೆಗೆ

ಕರಂಡೆಕಾಯಿ ಉಪ್ಪಿನಕಾಯಿ ಹಾಕಿದವರ ದೂರು ಹೆಚ್ಚುಕಡಿಮೆ ಮೂರೇ. ಮಳೆಗಾಲ ಹಿಡಿಯುವ ಹೊತ್ತಿಗೆ ಮೇಲೆ ಬೂಷ್ಟು ಬಂತು. ಕಾಯಿ ಮೆತ್ತಗಾಗಿ ಒಡೆದು ರಸವೆಲ್ಲ ಲೋಳೆಯಾಯಿತು. ಇಲ್ಲವೇ ಎಲ್ಲ ಸರಿಯಿದ್ದರೂ ಕಹಿ. ಮುಂದಿನ ವರ್ಷ ಮೆಣಸು, ಸಾಸಿವೆಯ ಅಳತೆ ಬದಲಿಸಿ ನೋಡುತ್ತಾರೆ, ಮತ್ತೆ ಅದೇ ಕಥೆ. ಕಹಿಯೊಂದನ್ನು ಬಿಟ್ಟರೆ ಉಳಿದವು ಮಸಾಲೆಯ ತಪ್ಪುಗಳಲ್ಲ. ಕಾಯಿ ಕೊಯ್ದ ಹದ, ಒದ್ದೆ ಆರಿಸಿದ ರೀತಿ, ಉಪ್ಪಿನ ತೂಕ, ಈ ಮೂರರಲ್ಲೇ ಉಪ್ಪಿನಕಾಯಿಯ ಆಯುಸ್ಸು ನಿರ್ಧಾರವಾಗಿರುತ್ತದೆ. ಆದ್ದರಿಂದ ಇಲ್ಲಿ ಮಸಾಲೆಗಿಂತ ಅದರ ಹಿಂದಿನ ಕೆಲಸಕ್ಕೇ ಹೆಚ್ಚು ಜಾಗ.

ಕರಾವಳಿಯವರು ಕರಂಡೆ ಎನ್ನುವುದನ್ನೇ ಮಲೆನಾಡು, ಉತ್ತರ ಕರ್ನಾಟಕದ ಕಡೆ ಕವಳಿ, ಕೌಳಿ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಕ್ಯಾರಿಸಾ ಕುಲ. ಕೆಳಗಿನ ಅಳತೆಗಳೆಲ್ಲ ತೊಟ್ಟು ಬಿಡಿಸಿದ 1 ಕಿಲೋ ಕಾಯಿಗೆ.

ಮೊದಲೇ ಜೋಡಿಸಿಕೊಳ್ಳಬೇಕಾದ್ದು

ಕೊಯ್ಯಲು: ಉದ್ದ ತೋಳಿನ ದಪ್ಪ ಅಂಗಿ, ಕಾಲು ಮುಚ್ಚುವ ಚಪ್ಪಲಿ ಅಥವಾ ಬೂಟು, ಕೊಂಬೆ ಬಗ್ಗಿಸಲು ಕೊಕ್ಕೆ ಕೋಲು, ಬುಟ್ಟಿ. ಪ್ಲಾಸ್ಟಿಕ್ ಚೀಲ ಬೇಡ. ಬಿಸಿಲಲ್ಲಿ ಚೀಲದೊಳಗೆ ಕಾಯಿ ಬೆವರುತ್ತದೆ, ಮನೆಗೆ ಬರುವಷ್ಟರಲ್ಲಿ ಅರ್ಧ ಬಾಡಿರುತ್ತದೆ.

ಮನೆಯಲ್ಲಿ: 2ರಿಂದ 2.5 ಲೀಟರ್ ಹಿಡಿಯುವ ಪಿಂಗಾಣಿ ಭರಣಿ ಅಥವಾ ಅಗಲ ಬಾಯಿಯ ಗಾಜಿನ ಬಾಟಲಿ, ಹಳೆಯ ಹತ್ತಿ ಬಟ್ಟೆ ಎರಡು, ಮೊರ, ಮರದ ಸೌಟು, ಅಡುಗೆ ತಕ್ಕಡಿ, ಸ್ವಲ್ಪ ತೆಂಗಿನೆಣ್ಣೆ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಯಾವ ಹಂತದಲ್ಲೂ ಬೇಡ. ಕರಂಡೆಯ ಹುಳಿ ಜೋರು, ಲೋಹವನ್ನು ತಿನ್ನುತ್ತದೆ. ಉಪ್ಪುನೀರು ಕುದಿಸಲು ಸ್ಟೀಲ್ ಪಾತ್ರೆ ಸಾಕು.

ತಕ್ಕಡಿಯ ವಿಷಯದಲ್ಲಿ ರಾಜಿ ಬೇಡ. ಕಲ್ಲುಪ್ಪಿನ ಹರಳು ದಪ್ಪವಿದ್ದರೆ ಒಂದು ಲೋಟಕ್ಕೆ ಹಿಡಿಯುವ ತೂಕ ಕಡಿಮೆ, ಸಣ್ಣಗಿದ್ದರೆ ಜಾಸ್ತಿ. ಲೋಟದ ಲೆಕ್ಕದಲ್ಲಿ ಉಪ್ಪು ಹಾಕಿ ಕೆಟ್ಟ ಭರಣಿಗಳೇ ಹೆಚ್ಚು.

ಸಾಮಾನು: ಕಲ್ಲುಪ್ಪು 250 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 120 ಗ್ರಾಂ, ಖಾರ ಬೇಕಾದವರಿಗೆ ಗುಂಟೂರು ಮೆಣಸಿನಕಾಯಿ 30 ಗ್ರಾಂ, ಸಾಸಿವೆ 80 ಗ್ರಾಂ, ಅರಿಸಿನ ಪುಡಿ ಒಂದೂವರೆ ಚಮಚ. ಇಂಗು ಇಷ್ಟವಿದ್ದರೆ ಮಾತ್ರ.

1. ಗಿಡ ಗುರುತಿಸುವುದು

ಇದು ಮುರಕಲ್ಲು ಗುಡ್ಡ, ಬೇಣ, ಕುರುಚಲು ಕಾಡಿನ ಅಂಚಿನಲ್ಲಿ ಬೆಳೆಯುವ ಮುಳ್ಳಿನ ಪೊದೆ. ನಾಲ್ಕು ಗುರುತು ಒಟ್ಟಿಗೆ ಸಿಗಬೇಕು. ಎಲೆಗಳು ಎದುರುಬದುರು ಜೋಡಿಯಾಗಿ, ದಪ್ಪ, ಮೇಲ್ಭಾಗ ಹೊಳಪು. ಮುಳ್ಳೂ ಜೋಡಿ, ಗಟ್ಟಿ, ಎಷ್ಟೋ ಸಲ ತುದಿ ಕವಲೊಡೆದಿರುತ್ತದೆ. ಎಲೆ ಅಥವಾ ಕಾಯಿ ಕಿತ್ತ ಜಾಗದಲ್ಲಿ ಹಾಲಿನಂಥ ಬಿಳಿ ಸೊನೆ ಬರುತ್ತದೆ. ಕಾಯಿ ಕೊಂಬೆಯ ತುದಿಯಲ್ಲಿ ಗೊಂಚಲಾಗಿ, ಗೋಲಿಯ ಗಾತ್ರ ಅಥವಾ ಅದಕ್ಕಿಂತ ಸಣ್ಣದು. ಎಳೆಯದು ಹಸಿರು, ಬಲಿತಂತೆ ಕೆಂಪು, ಹಣ್ಣಾದಾಗ ಕಡುಗಪ್ಪು.

ಇಲ್ಲಿ ಎಚ್ಚರ ಬೇಕು. ಕರಂಡೆ ಇರುವುದು ಕಣಗಿಲೆಯ ಕುಟುಂಬದಲ್ಲೇ. ಕಣಗಿಲೆ ಕಡು ವಿಷ. ಹಾಗಾಗಿ ಹಾಲು ಬಂತು, ಕರಂಡೆಯೇ ಇರಬೇಕು ಎಂದು ಹಾಲೊಂದನ್ನೇ ನಂಬಬಾರದು. ಮುಳ್ಳಿಲ್ಲದ, ಹಾಲು ಬರುವ ಗಿಡದ ಕಾಯಿ ಕರಂಡೆಯಲ್ಲ. ಮುಳ್ಳಿದ್ದು ಹಾಲು ಬಾರದಿದ್ದರೆ ಅದೂ ಅಲ್ಲ. ಮಂಗಾರೆಕಾಯಿ ಅಂಥದ್ದು. ಅದರ ಕಾಯಿ ದೊಡ್ಡದು, ತಲೆಯ ಮೇಲೆ ಹೂವಿನ ಬುಡದ ಹಸಿರು ಬಟ್ಟಲು (ಪುಷ್ಪಪಾತ್ರೆ) ಕಿರೀಟದ ಹಾಗೆ ಉಳಿದಿರುತ್ತದೆ, ಹಣ್ಣಾದರೆ ಹಳದಿ.

ಇನ್ನೊಂದು ಅಪಾಯ ಪೊದೆಯೊಳಗೇ ಇರುತ್ತದೆ. ಕರಂಡೆ ಮಟ್ಟಿಯ ಮೇಲೆ ಗುಲಗಂಜಿ ಬಳ್ಳಿ ಹಬ್ಬುವುದುಂಟು, ಪಕ್ಕದಲ್ಲೇ ಲಂಟಾನ ನುಗ್ಗಿರುತ್ತದೆ. ಗುಲಗಂಜಿ ಬೀಜ ಜಗಿದರೆ ಪ್ರಾಣಕ್ಕೇ ಅಪಾಯ, ಲಂಟಾನದ ಹಸಿರು ಕಾಯಿಯೂ ವಿಷ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದರೆ ಇವೆರಡನ್ನೂ ಮೊದಲು ತೋರಿಸಿ, ಆಮೇಲೆ ಕರಂಡೆ ತೋರಿಸಿ.

ಮೊದಲ ಸಲ ಕೊಯ್ಯುವವರು ಗಿಡ ಬಲ್ಲ ಊರವರೊಬ್ಬರನ್ನು ಕರೆದುಕೊಂಡೇ ಹೋಗಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಕೊಯ್ಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ತೋಟದ ಬೇಲಿಯಲ್ಲಿ, ಖಾಸಗಿ ಗುಡ್ಡದಲ್ಲಿ ಜಾಗದವರನ್ನು ಕೇಳಿದರೆ ಸಾಕು.

2. ಕೊಯ್ಲಿನ ಹದ

ಯುಗಾದಿಯ ಆಸುಪಾಸು, ಅಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ, ಉಪ್ಪಿನಕಾಯಿಯ ಕಾಲ. ಮೇ ತಿಂಗಳು ಹಣ್ಣಿನ ಕಾಲ. ಊರು, ಮಳೆ, ಎತ್ತರ ನೋಡಿ ಒಂದೆರಡು ವಾರ ಹಿಂದುಮುಂದಾಗುತ್ತದೆ. ಕ್ಯಾಲೆಂಡರ್ ನಂಬುವುದಕ್ಕಿಂತ ಕಾಯಿಯನ್ನೇ ಕೇಳುವುದು ಒಳ್ಳೆಯದು.

ಒಂದು ಕಾಯಿಯನ್ನು ಉಗುರಿನಿಂದ ಅಡ್ಡಕ್ಕೆ ಸೀಳಿ. ಒಳಗಿನ ಬೀಜ ಬೆಳ್ಳಗಿದ್ದು ಉಗುರಿಗೆ ಸುಲಭವಾಗಿ ಕತ್ತರಿಸಿದರೆ ಹದ ಸರಿ. ಬೀಜ ಗಟ್ಟಿಯಾಗಿ ಅಂಚು ಕಂದಿದ್ದರೆ ಹೊತ್ತು ಮೀರಿದೆ. ಅಂಥ ಕಾಯಿಯ ಬೀಜ ಉಪ್ಪಿನಲ್ಲೂ ಮೆತ್ತಗಾಗುವುದಿಲ್ಲ, ಕಚ್ಚಿದಾಗ ಕಹಿಯನ್ನೇ ಬಿಡುತ್ತದೆ. ಬೀಜವೇ ಕಾಣದಷ್ಟು ಎಳಸಾದರೆ ಕಾಯಿಗೆ ತಿರುಳಿಲ್ಲ, ಉಪ್ಪು ಹಿಡಿದ ಮೇಲೆ ಸಿಪ್ಪೆ ಮಾತ್ರ ಉಳಿಯುತ್ತದೆ.

ಒಂದು ಕಡೆ ಮಾತ್ರ ಕೆಂಪು ತಿರುಗಿದ ಕಾಯಿಯನ್ನು ಬೇರೆ ಇಡಿ, ಗೊಜ್ಜಿಗೆ ಬರುತ್ತದೆ. ಪೂರ್ತಿ ಕೆಂಪಾದದ್ದು, ಒತ್ತಿದರೆ ತಗ್ಗುವುದು ಭರಣಿಗೆ ಒಂದೂ ಹೋಗಬಾರದು. ಮಾಗಿದ ಕಾಯಿಯಲ್ಲಿ ಸಕ್ಕರೆ ಇರುತ್ತದೆ. ಅದು ಉಪ್ಪಿನಲ್ಲಿ ಬಿರಿದು ತಿರುಳು ಕದಡುತ್ತದೆ. ಲೋಳೆಯ ದೂರಿಗೆ ಮುಖ್ಯ ಕಾರಣ ಇದೇ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ತೊಟ್ಟು ಸಮೇತ ಗೊಂಚಲು ಮುರಿಯಿರಿ. ತೊಟ್ಟು ಬಿಡಿಸುವ ಕೆಲಸ ಗುಡ್ಡದಲ್ಲಿ ಮಾಡಿದರೆ ಸೊನೆ ಕಾಯಿಯ ಮೈಗೆಲ್ಲ ಹರಿದು ಧೂಳು ಹಿಡಿಯುತ್ತದೆ. ಮುಳ್ಳು ಚುಚ್ಚಿ ಮುರಿದು ಒಳಗೆ ಉಳಿದರೆ ಅದೇ ದಿನ ತೆಗೆಸಿ, ಬಿಟ್ಟರೆ ಕೀವು ಕಟ್ಟುತ್ತದೆ.

3. ಸೊನೆ ಬಿಡಿಸುವುದು

ಕೊಯ್ದ ದಿನವೇ ಮಾಡಬೇಕಾದ ಕೆಲಸ. ಕೈಗೆ ತೆಂಗಿನೆಣ್ಣೆ ತೆಳ್ಳಗೆ ಸವರಿಕೊಳ್ಳಿ, ಇಲ್ಲದಿದ್ದರೆ ಬೆರಳಿನ ಅಂಟು ಎರಡು ದಿನ ಬಿಡುವುದಿಲ್ಲ. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಕಾಯಿಯನ್ನು ನೀರೊಳಗೇ ಹಿಡಿದು ತೊಟ್ಟು ಮುರಿಯಿರಿ. ಸೊನೆ ನೀರಿಗೆ ಇಳಿದು ಹೋಗುತ್ತದೆ. ಗಾಳಿಯಲ್ಲಿ ಮುರಿದರೆ ತೊಟ್ಟಿನ ಬಾಯಲ್ಲೇ ಒಣಗಿ ಕಪ್ಪು ಅಂಟಾಗಿ ಕೂರುತ್ತದೆ, ಮತ್ತೆ ತೊಳೆದರೂ ಹೋಗದು.

ನೀರು ಬೆಳ್ಳಗಾದೊಡನೆ ಚೆಲ್ಲಿ ಬದಲಿಸಿ. ಸಾಮಾನ್ಯವಾಗಿ ಮೂರು ನೀರು ಬೇಕು, ಮೂರನೆಯದು ತಿಳಿಯಾಗಿ ಉಳಿದರೆ ಸಾಕು. ಕಾಯಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸುವ ರೂಢಿ ಕೆಲವು ಕಡೆ ಇದೆ. ಉಪ್ಪಿನಕಾಯಿಗೆ ಅದು ಒಳ್ಳೆಯದಲ್ಲ, ತೊಟ್ಟಿನ ಗಾಯದಿಂದ ನೀರು ಕುಡಿದ ಕಾಯಿ ಆಮೇಲೆ ಉಪ್ಪನ್ನು ತೆಳುವಾಗಿಸುತ್ತದೆ.

ಈ ಹಂತದಲ್ಲೇ ಹುಳು ತೂತಿನದು, ಕಲೆ ಬಿದ್ದದ್ದು, ಸೀಳಿದ್ದು ಹೊರಗೆ. ತೂಕ ಹಾಕಬೇಕಾದ್ದು ಈ ಆಯ್ಕೆಯ ನಂತರ, ಮೊದಲಲ್ಲ.

4. ಆರಿಸುವುದು

ಹೆಚ್ಚಿನವರು ಆತುರಪಡುವ ಹಂತ ಇದು. ಬಟ್ಟೆಯಲ್ಲಿ ಹಿಡಿ ಹಿಡಿಯಾಗಿ ಒರೆಸಿ, ಮೊರದಲ್ಲಿ ಅಥವಾ ಒಣ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ನೆರಳಲ್ಲಿ, ಗಾಳಿಯಾಡುವ ಜಾಗದಲ್ಲಿ 4ರಿಂದ 6 ಗಂಟೆ. ಬಿಸಿಲು ಬೇಡ, ಸಿಪ್ಪೆ ಬಾಡಿ ತೊಗಲಿನಂತಾದರೆ ಉಪ್ಪು ಒಳಗೆ ಇಳಿಯುವುದು ಇನ್ನೂ ನಿಧಾನ.

ಆರಿದೆಯೋ ಇಲ್ಲವೋ ನೋಡಲು ತೊಟ್ಟಿನ ಕುಳಿಯನ್ನು ನೋಡಿ. ಮೈ ಒಣಗಿದ್ದರೂ ಆ ಸಣ್ಣ ಕುಳಿಯಲ್ಲಿ ಒಂದು ಹನಿ ನಿಂತಿರುತ್ತದೆ. ಕಾಯಿಯನ್ನು ಕುಳಿ ಕೆಳಗಾಗಿ ಬೆರಳ ಮೇಲೆ ಒತ್ತಿ, ಚರ್ಮ ತೇವವಾದರೆ ಇನ್ನೊಂದು ಗಂಟೆ ಬಿಡಿ. ನೂರಾರು ಕಾಯಿಯ ಒಂದೊಂದು ಹನಿ ಸೇರಿದರೆ ತಳದ ಉಪ್ಪು ತೆಳುವಾಗುತ್ತದೆ, ಮೇಲೆ ಬೂಷ್ಟು ಹಿಡಿಯಲು ಅಷ್ಟೇ ಸಾಕು.

ಭರಣಿಯನ್ನೂ ಇದೇ ಹೊತ್ತಿಗೆ ಸಿದ್ಧಮಾಡಿ. ಬಿಸಿನೀರಲ್ಲಿ ತೊಳೆದು, ಕವುಚಿ, ಒಂದು ದಿನ ಪೂರ್ತಿ ಬಿಸಿಲಿಗೆ. ಒಳಗೆ ಹಳೆಯ ಎಣ್ಣೆಯ ಅಥವಾ ಉಪ್ಪಿನಕಾಯಿಯ ವಾಸನೆ ಇದ್ದರೆ ಆ ಭರಣಿ ಬೇಡ.

5. ಉಪ್ಪಿನಲ್ಲಿ ಹಾಕುವುದು

ಕರಂಡೆಯ ಸಿಪ್ಪೆಗೆ ಮೇಣದ ಹೊಳಪಿದೆ. ಆದ್ದರಿಂದ ಮಾವಿನ ಹೋಳಿನ ಹಾಗೆ ಇದು ಬೇಗ ನೀರು ಬಿಡುವುದಿಲ್ಲ. ತೀರಾ ಸಣ್ಣ ಕಾಯಿಯನ್ನು ಹಾಗೇ ಹಾಕಬಹುದು. ಗೋಲಿಯಷ್ಟು ದೊಡ್ಡದಾದರೆ ಮರದ ಸೌಟಿನ ಹಿಂಬದಿಯಿಂದ ಮೆಲ್ಲಗೆ ಒಮ್ಮೆ ಒತ್ತಿ, ಒಂದು ಬಿರುಕು ಬಿಟ್ಟರೆ ಸಾಕು. ಜಜ್ಜಿ ಚೂರಾದರೆ ಮುಂದೆ ಕದಡುತ್ತದೆ. ಚಾಕುವಿನಲ್ಲಿ ಸೀಳುವುದಾದರೆ ಅಲಗಿಗೆ ಎಣ್ಣೆ ಸವರಿ.

ತಳಕ್ಕೆ ಒಂದು ಹಿಡಿ ಉಪ್ಪು, ಅದರ ಮೇಲೆ ಎರಡು ಬೆರಳು ದಪ್ಪ ಕಾಯಿ, ಮತ್ತೆ ಉಪ್ಪು. ಹೀಗೆ ಪದರ ಪದರವಾಗಿ ತುಂಬಿ ಕೊನೆಯ ಪದರ ಉಪ್ಪೇ ಇರಲಿ. ಅದಕ್ಕಾಗಿ 250 ಗ್ರಾಂನಲ್ಲಿ ದೊಡ್ಡ ಪಾಲನ್ನು ಮೇಲಕ್ಕೆ ಉಳಿಸಿಕೊಳ್ಳಿ. ಕಾಯಿ ತೇಲದಂತೆ ಮೇಲೊಂದು ಪಿಂಗಾಣಿ ತಟ್ಟೆ ಕವುಚಿ. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿ.

ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಭರಣಿಯನ್ನು ಓರೆಮಾಡಿ ಕುಲುಕಿ ಅಥವಾ ಒಣ ಮರದ ಸೌಟಿನಲ್ಲಿ ತಳದಿಂದ ಮೇಲಕ್ಕೆ ತಿರುವಿ. ಐದನೇ ದಿನ ನೋಡಿ. ಕಾಯಿಗಳು ಉಪ್ಪುನೀರಲ್ಲಿ ಮುಳುಗಿರಬೇಕು. ಮುಳುಗದಿದ್ದರೆ ಇನ್ನೂ ನಾಲ್ಕು ದಿನ ಕಾದು ನೋಡುವುದು ತಪ್ಪು, ಹೊರಗೆ ಉಳಿದ ಕಾಯಿಯೇ ಮೊದಲು ಕೆಡುವುದು. 250 ಮಿಲಿ ನೀರಿಗೆ 80 ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ, ಪೂರ್ತಿ ತಣಿಸಿ ಸುರಿಯಿರಿ. ಈ ಅಳತೆಯಲ್ಲಿ ಭರಣಿಯೊಳಗಿನ ಉಪ್ಪಿನ ಪ್ರಮಾಣ ಕೆಳಗಿಳಿಯುವುದಿಲ್ಲ. ಬರಿ ನೀರು ಸುರಿದರೆ ಕೆಲಸ ಕೆಟ್ಟಂತೆ.

ಒಟ್ಟು 12ರಿಂದ 15 ದಿನ. ಕಾಯಿ ಮುರುಟಿ, ಹಸಿರು ಹೋಗಿ ಮಾಸಲು ಹಳದಿಗೆ ತಿರುಗಿ, ಎರಡು ಬೆರಳ ನಡುವೆ ಒತ್ತಿದರೆ ರಬ್ಬರಿನಂತೆ ಹಿಂದಕ್ಕೆ ಬಂದರೆ ಉಪ್ಪು ಹಿಡಿದಿದೆ. ಒಂದನ್ನು ಕಡಿದು ನೋಡಿ, ನಡುಭಾಗ ಇನ್ನೂ ಹಸಿ ಹುಳಿಯಾಗಿ ಬೆಳ್ಳಗಿದ್ದರೆ ಮೂರು ದಿನ ಹೆಚ್ಚಿಗೆ ಕೊಡಿ.

ಇಲ್ಲಿಗೇ ನಿಲ್ಲಿಸಲೂಬಹುದು. ಮಸಾಲೆ ಹಾಕದೆ ಉಪ್ಪುನೀರಲ್ಲೇ ಇಟ್ಟ ಕರಂಡೆ ಮಳೆಗಾಲದ ಗಂಜಿಗೆ, ಚಟ್ನಿಗೆ ಒದಗುತ್ತದೆ. ಬಳಸುವ ಮೊದಲು ಒಂದು ಗಂಟೆ ನೀರಲ್ಲಿಟ್ಟು ಉಪ್ಪು ಇಳಿಸಬೇಕು.

6. ಉಪ್ಪುನೀರು ಕುದಿಸುವುದು

ಕಾಯಿಯನ್ನು ಸೋಸಿ ಮೊರದಲ್ಲಿ ಹರಡಿ, ಎರಡು ಗಂಟೆ ನೆರಳಲ್ಲಿ ಬಿಡಿ. ಬಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಸ್ಟೀಲ್ ಪಾತ್ರೆಯಲ್ಲಿ 10 ನಿಮಿಷ ಕುದಿಸಿ. ಮೇಲೆ ಬರುವ ನೊರೆಯಲ್ಲಿ ಉಳಿದ ಸೊನೆಯೂ ಸೇರಿರುತ್ತದೆ, ತೆಗೆದು ಹಾಕಿ. ಪಾತ್ರೆಯ ಅಂಚಿಗೆ ಅಂಟು ಕೂತರೆ ಎಣ್ಣೆ ಬಟ್ಟೆಯಿಂದ ಒರೆಸಿದರೆ ಬಿಡುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ.

ಇಡೀ ರಾತ್ರಿ ತಣಿಯಲಿ. ಬೆಚ್ಚಗಿರುವಾಗಲೇ ಮುಂದಿನ ಹಂತಕ್ಕೆ ಹೋದರೆ ಎರಡು ನಷ್ಟ. ಒಂದು, ಭರಣಿಯ ಮುಚ್ಚಳದ ಒಳಗೆ ಆವಿ ಹನಿಗಟ್ಟಿ ಮೇಲಿಂದ ಬೀಳುತ್ತದೆ. ಆ ಹನಿಯಲ್ಲಿ ಉಪ್ಪಿಲ್ಲ, ಅದು ಬಿದ್ದ ಜಾಗದ ಮೇಲ್ಪದರ ತೆಳುವಾಗಿ ಅಲ್ಲೇ ಬೂಷ್ಟು ಏಳುತ್ತದೆ. ಎರಡನೆಯದು ಸಾಸಿವೆಗೆ ಸಂಬಂಧಿಸಿದ್ದು.

7. ಮಸಾಲೆ

ಸಾಸಿವೆಯ ಘಾಟು ಹುಟ್ಟುವುದು ಅರೆದಾಗ, ತೇವ ತಾಗಿದ ಮೇಲೆ. ಅದನ್ನು ಹುಟ್ಟಿಸುವ ಕಿಣ್ವ ಬಿಸಿಗೆ ಸಾಯುತ್ತದೆ. ಆದ್ದರಿಂದ ಬಿಸಿ ಉಪ್ಪುನೀರಲ್ಲಿ ಅರೆದ ಸಾಸಿವೆ ಸಪ್ಪೆ, ಕಡುವಾಗಿ ಹುರಿದ ಸಾಸಿವೆ ಸಪ್ಪೆಯೂ ಹೌದು ಕಹಿಯೂ ಹೌದು. ಘಾಟು ರುಚಿಗಷ್ಟೇ ಅಲ್ಲ, ಬೂಷ್ಟನ್ನು ತಡೆಯುವುದರಲ್ಲೂ ಅದರ ಪಾಲಿದೆ. ಸಾಸಿವೆಯನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ, ಹುರಿಯದೆ ಬಳಸಿ.

ಮೆಣಸಿನಕಾಯಿಯ ತೊಟ್ಟು ತೆಗೆದು ಎರಡು ದಿನ ಬಿಸಿಲಿಗೆ ಹಾಕಿ. ಬಿಸಿಲಿಲ್ಲದಿದ್ದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಣ್ಣ ಬದಲಾಗಬಾರದು. ಕಪ್ಪು ಚುಕ್ಕೆ ಬಿದ್ದ ಒಂದು ಹಿಡಿ ಮೆಣಸು ಇಡೀ ಭರಣಿಗೆ ಕಹಿ ಕೊಡುತ್ತದೆ.

ಮೊದಲು ಮೆಣಸನ್ನು ಒಣಗಲೇ ನುಣ್ಣಗೆ ಪುಡಿಮಾಡಿ ತೆಗೆದಿಡಿ. ಆಮೇಲೆ ಸಾಸಿವೆಯನ್ನು ಪುಡಿಮಾಡಿ, ತಣಿದ ಉಪ್ಪುನೀರು ಸ್ವಲ್ಪ ಸ್ವಲ್ಪ ಹಾಕುತ್ತಾ ಅರೆಯಿರಿ. ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕೊನೆಗೆ ಮೆಣಸಿನ ಪುಡಿ, ಅರಿಸಿನ, ಇಂಗು ಸೇರಿಸಿ ಉಳಿದ ಉಪ್ಪುನೀರಲ್ಲಿ ಕಲಸಿ. ದೋಸೆ ಹಿಟ್ಟಿನ ಹದ ಇರಲಿ. ಎರಡು ದಿನದಲ್ಲಿ ಮೆಣಸು ನೀರು ಹೀರಿ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕಾಗಿ ಅರ್ಧ ಲೋಟ ಉಪ್ಪುನೀರು ಬೇರೆ ಬಾಟಲಿಯಲ್ಲಿ ಎತ್ತಿಡಿ.

ಅಂಗಡಿಯ ಮೆಣಸಿನ ಪುಡಿ ಹಾಕಬಹುದೇ? ಹಾಕಬಹುದು, ಆದರೆ ಪ್ಯಾಕೆಟ್ ತೆರೆದು ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದ ಪುಡಿ ತೇವ ಹೀರಿರುತ್ತದೆ. ಹೊಸ ಪ್ಯಾಕೆಟ್ ಒಡೆಯಿರಿ.

8. ಭರಣಿ ತುಂಬುವುದು

ಕಾಯಿಯನ್ನು ಮಸಾಲೆಯಲ್ಲಿ ಹೊರಳಿಸಿ ಭರಣಿಗೆ ಇಳಿಸಿ. ಸೌಟಿನಿಂದ ಅಂಚಿಗೆ ತಟ್ಟಿ ಗಾಳಿಯ ಗುಳ್ಳೆ ಹೊರಗೆ ಹೋಗಲಿ. ಮೇಲೆ ಒಂದು ಬೆರಳು ಮಸಾಲೆ ನಿಲ್ಲಬೇಕು. ಕರಾವಳಿಯ ಪದ್ಧತಿಯಲ್ಲಿ ಎಣ್ಣೆ ಇಲ್ಲ. ಬೇಕೆಂದರೆ ಎಳ್ಳೆಣ್ಣೆ ಕಾಯಿಸಿ ತಣಿಸಿ ಮೇಲ್ಪದರವಾಗಿ ಸುರಿಯಬಹುದು. ಆದರೆ ಉಪ್ಪು ಕಡಿಮೆಯಿದ್ದ ಉಪ್ಪಿನಕಾಯಿಯನ್ನು ಎಣ್ಣೆ ಕಾಪಾಡುವುದಿಲ್ಲ, ಕೆಟ್ಟದ್ದನ್ನು ಮುಚ್ಚಿಡುತ್ತದೆ ಅಷ್ಟೇ.

ಬಾಯಿಯ ಒಳ ಅಂಚಿಗೆ ಹತ್ತಿದ ಮಸಾಲೆಯನ್ನು ಒಣ ಬಟ್ಟೆಯಿಂದ ಒರೆಸಿ, ಬಟ್ಟೆ ಕಟ್ಟಿ, ಕತ್ತಲೆಯ ತಂಪು ಜಾಗದಲ್ಲಿಡಿ. ಮೂರು ವಾರದ ಮೊದಲು ರುಚಿ ನೋಡಿದರೆ ಉಪ್ಪು, ಖಾರ, ಹುಳಿ ಬೇರೆ ಬೇರೆಯಾಗಿಯೇ ನಾಲಗೆಗೆ ಸಿಗುತ್ತವೆ. ಒಂದೂವರೆ ತಿಂಗಳಿಗೆ ಹದ ಬರುತ್ತದೆ. ದಿನದ ಊಟಕ್ಕೆ ಸಣ್ಣ ಬಾಟಲಿಗೆ ತೆಗೆದುಕೊಳ್ಳಿ, ದೊಡ್ಡ ಭರಣಿಯನ್ನು ಪದೇಪದೇ ತೆರೆಯಬೇಡಿ. ರಕ್ತದೊತ್ತಡ ಇರುವವರಿಗೆ ಇಷ್ಟು ಉಪ್ಪಿನ ಪದಾರ್ಥ ಒಂದು ಕಾಯಿಗಿಂತ ಹೆಚ್ಚು ಬೇಡ. ಅವರಿಗಾಗಿ ಉಪ್ಪು ಇಳಿಸಿ ಹಾಕುವುದಾದರೆ ಅದನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು.

ಕೆಡುತ್ತಿರುವ ಲಕ್ಷಣಗಳು

ಮೇಲೆ ತೆಳ್ಳಗೆ, ಸಪಾಟಾಗಿ ಬಿಳಿ ಕೆನೆ: ಉಪ್ಪಿನಲ್ಲಿ ಹಾಕಿದ ಹಂತದಲ್ಲಿ ಇದು ಕಂಡರೆ ಗಾಬರಿ ಬೇಡ. ಕೆನೆ ತೆಗೆದು, ನೀರು ಸೋಸಿ, ಲೀಟರಿಗೆ 50 ಗ್ರಾಂ ಉಪ್ಪು ಹೆಚ್ಚಿಗೆ ಹಾಕಿ ಕುದಿಸಿ ತಣಿಸಿ ಮತ್ತೆ ಸುರಿಯಿರಿ. ಮಸಾಲೆ ಹಾಕಿದ ಮೇಲೆ ಬಂದರೆ ಹೀಗೆ ಸರಿಮಾಡಲು ದಾರಿಯಿಲ್ಲ.

ಹತ್ತಿಯಂತೆ ಎದ್ದು ನಿಂತ ಬೂಷ್ಟು. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣ: ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ರೂಢಿ ಬಹಳ ಮನೆಗಳಲ್ಲಿದೆ. ಬೇಡ. ಕಣ್ಣಿಗೆ ಕಾಣುವುದು ಮೇಲಿನ ಭಾಗ ಮಾತ್ರ, ವಿಷ ಕೆಳಗೂ ಇಳಿದಿರಬಹುದು. ಪೂರ್ತಿ ಚೆಲ್ಲಿ.

ಗುಳ್ಳೆ ಏಳುವುದು, ಮುಚ್ಚಳ ತೆರೆದಾಗ ಹೆಂಡದ ವಾಸನೆ: ಮಾಗಿದ ಕಾಯಿ ಸೇರಿದೆ, ಉಪ್ಪೂ ಕಡಿಮೆಯಿದೆ. ಚೆಲ್ಲುವುದೇ ಸರಿ.

ಕಾಯಿ ಮೆತ್ತಗೆ, ರಸ ದಾರದಂತೆ ಎಳೆಯುವುದು: ವಾಸನೆ ಸರಿಯಿದ್ದರೂ ತಿನ್ನಬಾರದು.

ಕಾಯಿ ಗಟ್ಟಿ, ರಸ ಗಂಜಿಯಂತೆ ದಪ್ಪ, ವಾಸನೆ ಸರಿ: ಇದು ಕೆಟ್ಟದ್ದಲ್ಲ. ಕರಂಡೆಯಲ್ಲಿ ರಸವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ಅಂಶ ಹೆಚ್ಚು, ಕಾಯಿ ಹೆಚ್ಚು ಬಿರುಕು ಬಿಟ್ಟರೆ ಹೀಗಾಗುತ್ತದೆ. ಎತ್ತಿಟ್ಟ ಉಪ್ಪುನೀರು ಸೇರಿಸಿದರೆ ಸರಿಹೋಗುತ್ತದೆ.

ಬೇರೆ ಇಟ್ಟ ಕಾಯಿಗೆ: ಗೊಜ್ಜು

ಒಂದು ಕಡೆ ಕೆಂಪಾದ ಕಾಯಿ ಒಂದು ಬಟ್ಟಲು. ಉಪ್ಪು ಹಾಕಿ 6–7 ನಿಮಿಷ ಬೇಯಿಸಿ, ತಣಿದ ಮೇಲೆ ಹಿಸುಕಿ ಬೀಜ ತೆಗೆಯಿರಿ. ನಿಂಬೆ ಗಾತ್ರದ ಬೆಲ್ಲ, ಸೀಳಿದ ಎರಡು ಹಸಿಮೆಣಸು ಸೇರಿಸಿ ಒಂದು ಕುದಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ. ಬೀಜ ತೆಗೆಯದೆ ಮಿಕ್ಸಿಗೆ ಹಾಕಿದರೆ ಕಹಿ.

ಹಣ್ಣು ಸಿಕ್ಕಿದರೆ: ಶರಬತ್ತು

ಮೇ ತಿಂಗಳಲ್ಲಿ ಬೆಳಗಾವಿ, ಖಾನಾಪುರದ ಕಡೆ ಕವಳಿ ಹಣ್ಣನ್ನು ರಸ್ತೆಬದಿಯಲ್ಲಿ ಮಾರುತ್ತಾರೆ. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ತೋಟದ ಕರಂಡೆಯೇ.

ಕಡುಗಪ್ಪಾದ 1 ಕಿಲೋ ಹಣ್ಣು ತೊಳೆದು, ಅರ್ಧ ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ. ಮರದ ಸೌಟಿನಿಂದ ಮಸೆದು ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಬೇಡಿ. ಒಂದು ಲೀಟರ್ ರಸಕ್ಕೆ 1 ಕಿಲೋ ಸಕ್ಕರೆ. ಸಕ್ಕರೆ ಕರಗಿ ಒಂದು ಕುದಿ ಬಂದೊಡನೆ ಇಳಿಸಿ. ಉರಿಯ ಮೇಲೆ ಮರೆತರೆ ಬಾಟಲಿಯಲ್ಲಿ ಜೆಲ್ಲಿಯಾಗಿ ಕೂರುತ್ತದೆ, ಸುರಿಯಲು ಬರುವುದಿಲ್ಲ. ಜೆಲ್ಲಿಯೇ ಬೇಕೆಂದಿದ್ದರೆ ಅರ್ಧದಷ್ಟು ಕೆಂಪು ಕಾಯಿ ಬೆರೆಸಿ, ತಣ್ಣನೆಯ ತಟ್ಟೆಗೆ ಬಿದ್ದ ಹನಿ ಹರಿಯದೆ ನಿಲ್ಲುವವರೆಗೆ ಕುದಿಸಿ. ಶರಬತ್ತನ್ನು ತಣಿಸಿ ಒಣ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಒಂದು ಲೋಟಕ್ಕೆ ಎರಡು ದೊಡ್ಡ ಚಮಚ ಪಾಕ, ಚಿಟಿಕೆ ಉಪ್ಪು, ಉಳಿದದ್ದು ತಣ್ಣೀರು.